ಕುಸ್ತಿಗೆ ಜಾತ್ರೆ ಇದೆ, ಫುಟ್‌ಬಾಲ್‌ಗೆ ಏನಿದೆ? ಸಿಂಗಪುರದ ಎದುರು ಸೋತ ಮೇಲೆ ಬೈಲಹೊಂಗಲದಿಂದ ಒಂದು ಲೆಕ್ಕ

2025ರ ಅಕ್ಟೋಬರ್ 14ರ ರಾತ್ರಿ. ಬೈಲಹೊಂಗಲದ ನಮ್ಮ ಮನೆಯಲ್ಲಿ ಅಣ್ಣನ ಮಗ ಮೊಬೈಲ್‌ನಲ್ಲಿ ಭಾರತ-ಸಿಂಗಪುರ ಫುಟ್‌ಬಾಲ್ ಮ್ಯಾಚ್ ನೋಡುತ್ತಾ ಕೂತಿದ್ದ. ಮ್ಯಾಚ್ ನಡೆಯುತ್ತಿದ್ದದ್ದು ಮಡಗಾಂವ್‌ನಲ್ಲಿ. ನಮಗೆ ಬೆಂಗಳೂರಿಗಿಂತ ಮಡಗಾಂವ್ ಎಷ್ಟೋ ಹತ್ತಿರ. ಘಾಟ್ ಇಳಿದರೆ ಗೋವಾ. 14ನೇ ನಿಮಿಷದಲ್ಲಿ ಛಾಂಗ್ಟೆ ಗೋಲು ಹೊಡೆದಾಗ ಅವನು ಹಾರಿ ಕುಣಿದ. ವಿರಾಮಕ್ಕೆ ಸ್ವಲ್ಪ ಮೊದಲು ಸಿಂಗಪುರ ಸಮ ಮಾಡಿತು. ವಿರಾಮದ ನಂತರ ಇನ್ನೊಂದು ಹೊಡೆಯಿತು. 1-2. ಅಲ್ಲಿಗೆ 2027ರ ಏಷ್ಯನ್ ಕಪ್‌ಗೆ ಹೋಗುವ ಭಾರತದ ದಾರಿ ಮುಚ್ಚಿತು.

"ಕಾಕಾ, ಸಿಂಗಪುರ ಅಂದ್ರ ಎಷ್ಟ್ ದೊಡ್ಡ ದೇಶ ಐತಿ?" ಅಂತ ಕೇಳಿದ.

"ನಮ್ಮ ಬೆಳಗಾವಿ ಜಿಲ್ಲಾದಷ್ಟು ಮಂದಿ ಇರಬೇಕ ನೋಡು," ಅಂದೆ.

"ಹಂಗಾರ ನಾವ್ಯಾಕ ಸೋತ್ವಿ?"

ಹನ್ನೆರಡು ವರ್ಷದ ಹುಡುಗನ ಪ್ರಶ್ನೆಗೆ ಆವತ್ತು ಉತ್ತರ ಹೇಳಲಾಗಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಅಂದಾಜು ತಪ್ಪಾಗಿತ್ತು, ಆದರೆ ತೀರಾ ತಪ್ಪಲ್ಲ. ಸಿಂಗಪುರದಲ್ಲಿ ಈಗ ಸುಮಾರು 60 ಲಕ್ಷ ಜನರಿದ್ದಾರೆ. ಅವರಲ್ಲಿ ದೇಶದ ಪೌರರು, ಅಂದರೆ ರಾಷ್ಟ್ರೀಯ ತಂಡಕ್ಕೆ ಆಡಬಹುದಾದವರು, ಸುಮಾರು 36 ಲಕ್ಷ ಮಾತ್ರ. 2011ರ ಜನಗಣತಿಯಲ್ಲೇ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47.8 ಲಕ್ಷ. ನಮ್ಮ ಜಿಲ್ಲೆಯ ವಿಸ್ತೀರ್ಣ 13,415 ಚದರ ಕಿಲೋಮೀಟರ್, ಇಡೀ ಸಿಂಗಪುರದ್ದು ಸುಮಾರು 730. ನಮ್ಮ ಜಿಲ್ಲೆಗಿಂತ ಕಡಿಮೆ ಪೌರರಿರುವ ದೇಶ 140 ಕೋಟಿಯ ದೇಶವನ್ನು ಅದರದೇ ನೆಲದಲ್ಲಿ ಸೋಲಿಸಿ ಹೋಯಿತು.

ಸೋಲು ಅಲ್ಲಿಗೇ ನಿಲ್ಲಲಿಲ್ಲ. ನವೆಂಬರ್ 18ರಂದು ಭಾರತ ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0-1ರಿಂದ ಸೋತಿತು. ಬಾಂಗ್ಲಾ ನಮ್ಮನ್ನು ಸೋಲಿಸಿದ್ದು 22 ವರ್ಷಗಳಲ್ಲಿ ಇದೇ ಮೊದಲು. ಅದೇ ದಿನ ಸಿಂಗಪುರ ಹಾಂಗ್‌ಕಾಂಗ್‌ಗೆ ಹೋಗಿ 2-1ರಿಂದ ಗೆದ್ದು ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. 1984ರಲ್ಲಿ ಆತಿಥೇಯ ಅನ್ನುವ ಕಾರಣಕ್ಕೆ ಆಡಿದ್ದು ಬಿಟ್ಟರೆ, ಆಡಿ ಗೆದ್ದು ಅವರು ಆ ಟೂರ್ನಿಗೆ ಹೋಗುತ್ತಿರುವುದು ಇದೇ ಮೊದಲು. ಅದೇ ನವೆಂಬರ್ 18ರಂದು ದೂರದ ಕೆರಿಬಿಯನ್‌ನಲ್ಲಿ ಕ್ಯುರಸಾವ್ ಎಂಬ ದ್ವೀಪ ಜಮೈಕಾದ ಜೊತೆ ಡ್ರಾ ಮಾಡಿಕೊಂಡು ವಿಶ್ವಕಪ್‌ಗೇ ಹೋಯಿತು. ಅಲ್ಲಿನ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ನಮ್ಮ ರಾಮದುರ್ಗ ತಾಲ್ಲೂಕಿನಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದಾರೆ.

16 ಮ್ಯಾಚ್, 3 ಗೆಲುವು

ಭಾರತದ ಏಷ್ಯನ್ ಕಪ್ ದಾಖಲೆಯನ್ನು ಒಮ್ಮೆ ಪೂರ್ತಿ ನೋಡೋಣ. ಆಡಿದ್ದು ಐದೇ ಸಲ: 1964, 1984, 2011, 2019 ಮತ್ತು 2024ರ ಜನವರಿಯಲ್ಲಿ ನಡೆದ 2023ರ ಆವೃತ್ತಿ. ಒಟ್ಟು 16 ಪಂದ್ಯ. ಗೆದ್ದದ್ದು 3, ಡ್ರಾ 1, ಸೋತದ್ದು 12. ಹೊಡೆದ ಗೋಲು 12, ತಿಂದದ್ದು 33.

1964ರಲ್ಲಿ ಎರಡನೇ ಸ್ಥಾನ ಬಂದಿತ್ತು ಅಂತ ಹೆಮ್ಮೆಯಿಂದ ಹೇಳುವವರಿದ್ದಾರೆ. ಬಂದದ್ದು ನಿಜ. ದಕ್ಷಿಣ ಕೊರಿಯಾವನ್ನು 2-0ರಿಂದ, ಹಾಂಗ್‌ಕಾಂಗ್ ಅನ್ನು 3-1ರಿಂದ ಸೋಲಿಸಿದ ತಂಡ ಅದು. ಆದರೆ ಆ ಟೂರ್ನಿ ನಡೆದದ್ದು ಇಸ್ರೇಲ್‌ನಲ್ಲಿ. ಬೇರೆ ದೇಶಗಳು ಹಿಂದೆ ಸರಿದ ಕಾರಣ ಅರ್ಹತಾ ಪಂದ್ಯವನ್ನೇ ಆಡದೆ ನಾವು ಫೈನಲ್ಸ್‌ಗೆ ಹೋಗಿದ್ದೆವು. ಅಲ್ಲಿ ಇದ್ದದ್ದು ನಾಲ್ಕೇ ತಂಡ. 1984ರಲ್ಲಿ ಇರಾನ್ ಜೊತೆ 0-0 ಡ್ರಾ ಬಿಟ್ಟರೆ ಉಳಿದದ್ದೆಲ್ಲ ಸೋಲು, ಒಂದೂ ಗೋಲು ಹೊಡೆಯಲಿಲ್ಲ. ಆಗಲೂ ಸಿಂಗಪುರ ನಮ್ಮನ್ನು 2-0ರಿಂದ ಸೋಲಿಸಿತ್ತು. 2019ರಲ್ಲಿ ಥಾಯ್ಲೆಂಡ್ ಎದುರು 4-1 ಗೆಲುವು ಬಂತು. ಅದಾದ ಮೇಲೆ ಈ ಟೂರ್ನಿಯಲ್ಲಿ ನಾವು ಗೋಲೇ ಹೊಡೆದಿಲ್ಲ. 2024ರ ಜನವರಿಯಲ್ಲಿ ಮೂರು ಪಂದ್ಯ, ಮೂರು ಸೋಲು, ಗೋಲು ಸೊನ್ನೆ.

ಈಗ ಆ ಟೂರ್ನಿಯಲ್ಲಿ 24 ತಂಡಗಳಿಗೆ ಜಾಗ ಇದೆ. ಅಷ್ಟು ಅಗಲ ಮಾಡಿದ ಬಾಗಿಲಿನಲ್ಲೂ ನಾವು ಹೊಕ್ಕಲಾಗಲಿಲ್ಲ. ಅರ್ಹತಾ ಸುತ್ತಿನ ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ, ಹೊಡೆದದ್ದು ಎರಡೇ ಗೋಲು. ನಿವೃತ್ತಿ ಹೇಳಿದ್ದ ಸುನಿಲ್ ಚೆಟ್ರಿಯನ್ನು 40ನೇ ವಯಸ್ಸಿನಲ್ಲಿ ವಾಪಸ್ ಕರೆಸಬೇಕಾಯಿತು. ಇಷ್ಟು ದೊಡ್ಡ ದೇಶಕ್ಕೆ ಗೋಲು ಹೊಡೆಯುವ ಇನ್ನೊಬ್ಬ ಹುಡುಗ ಸಿಗಲಿಲ್ಲ ಅನ್ನುವುದೇ ಈ ಕಥೆಯ ತಿರುಳು.

ಇದಕ್ಕೆ ಮೇಲಿನ ಮಟ್ಟದ ಕಾರಣಗಳು ಇವೆ, ಇಲ್ಲ ಅನ್ನುವುದಿಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿಯಲಾಯಿತು. ಫೆಡರೇಷನ್ ಮತ್ತು ಅದರ ವಾಣಿಜ್ಯ ಪಾಲುದಾರರ ಒಪ್ಪಂದ ಮುಗಿಯುತ್ತಿತ್ತು, ಮುಂದೇನು ಅಂತ ತೀರ್ಮಾನ ಆಗಿರಲಿಲ್ಲ. ನವೆಂಬರ್‌ನಲ್ಲಿ ಲೀಗ್ ನಡೆಸಲು ಟೆಂಡರ್ ಕರೆದರೆ ಒಂದೂ ಬಿಡ್ ಬರಲಿಲ್ಲ. ಕೋಚ್ ಬದಲಾದರು. ದೆಹಲಿಯ ಈ ಜಗಳಗಳ ಬಗ್ಗೆ ಓದುತ್ತಾ ಕೂತರೆ ಒಂದು ವರ್ಷ ಸಾಲದು. ಆದರೆ ಅದೆಲ್ಲ ನಾಳೆಯೇ ಸರಿಯಾಯಿತು ಅಂತಿಟ್ಟುಕೊಳ್ಳಿ. ಆಗಲೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹುಡುಗನಿಗೆ ಏನಾದರೂ ಬದಲಾಗುತ್ತದಾ? ಆಗುವುದಿಲ್ಲ.

ಸಣ್ಣವರು ಏನು ಮಾಡಿದರು?

ಸಣ್ಣ ದೇಶಗಳು ಗೆಲ್ಲುವುದಕ್ಕೆ ಮುಖ್ಯವಾಗಿ ಎರಡು ದಾರಿ ಇವೆ.

ಒಂದು, ಹೊರಗಿನಿಂದ ತರುವುದು. ಕ್ಯುರಸಾವ್ ತಂಡದ ಬಹುತೇಕ ಎಲ್ಲರೂ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಅಲ್ಲಿನ ಅಕಾಡೆಮಿಗಳಲ್ಲಿ ಆಟ ಕಲಿತವರು. ಐದು ಲಕ್ಷ ಚಿಲ್ಲರೆ ಜನರ ಕೇಪ್ ವರ್ಡೆ 2013ರಲ್ಲಿ ಮೊದಲ ಸಲ ಆಫ್ರಿಕಾ ಕಪ್‌ಗೆ ಹೋಗಿ ನೇರ ಕ್ವಾರ್ಟರ್ ಫೈನಲ್ ತಲುಪಿತು. ಮುಂದೆ ಇನ್ನೊಮ್ಮೆ ಅದೇ ಹಂತಕ್ಕೆ ಹೋಗಿ, 2025ರ ಅಕ್ಟೋಬರ್‌ನಲ್ಲಿ ವಿಶ್ವಕಪ್‌ಗೂ ಅರ್ಹತೆ ಪಡೆಯಿತು. ಪೋರ್ಚುಗಲ್, ಐರ್ಲೆಂಡ್, ನೆದರ್ಲೆಂಡ್ಸ್‌ಗಳಲ್ಲಿ ಬೆಳೆದ ವಲಸಿಗರ ಮಕ್ಕಳು ಆ ತಂಡದಲ್ಲಿದ್ದಾರೆ. ಮಡಗಾಂವ್‌ನಲ್ಲಿ ನಮ್ಮ ಮೇಲೆ ಎರಡೂ ಗೋಲು ಹೊಡೆದ ಸಾಂಗ್ ಉಯ್-ಯಂಗ್ ಕೂಡ ದಕ್ಷಿಣ ಕೊರಿಯಾದಲ್ಲಿ ಹುಟ್ಟಿ ಸಿಂಗಪುರದ ಪೌರತ್ವ ಪಡೆದವರು. ಭಾರತ ಈ ದಾರಿಯನ್ನು ಈಗಷ್ಟೇ ಇಣುಕಿ ನೋಡುತ್ತಿದೆ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ಭಾರತದ ಪೌರತ್ವ ಪಡೆದದ್ದು 2025ರಲ್ಲಿ. ನಮ್ಮಲ್ಲಿ ದ್ವಿಪೌರತ್ವ ಇಲ್ಲ. ಹಾಗಾಗಿ ಈ ದಾರಿಯಲ್ಲಿ ಒಬ್ಬಿಬ್ಬರು ಬರಬಹುದು, ಒಂದು ತಲೆಮಾರು ಬರುವುದಿಲ್ಲ.

ಎರಡನೆಯದು, ಒಳಗಿನಿಂದ ಬೆಳೆಸುವುದು. ಸುಮಾರು 3.3 ಲಕ್ಷ ಜನರ ಐಸ್‌ಲ್ಯಾಂಡ್ 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡನ್ನು 2-1ರಿಂದ ಸೋಲಿಸಿ ಕ್ವಾರ್ಟರ್ ಫೈನಲ್‌ಗೆ ಹೋಯಿತು. ತಂಡದ ಇಬ್ಬರು ಕೋಚ್‌ಗಳಲ್ಲಿ ಒಬ್ಬರು ವೃತ್ತಿಯಿಂದ ಹಲ್ಲಿನ ಡಾಕ್ಟರ್. ವರ್ಷದ ಅರ್ಧ ಹಿಮ ಬೀಳುವ ಆ ದೇಶ 2000ದ ನಂತರ ಊರೂರಲ್ಲಿ ಒಳಾಂಗಣ ಮೈದಾನ ಕಟ್ಟಿತು, ಸಣ್ಣ ಮಕ್ಕಳಿಗೂ ತರಬೇತಿ ಪಡೆದ ಕೋಚ್‌ಗಳನ್ನೇ ಕೊಟ್ಟಿತು. ಸಿಂಗಪುರವೂ 2021ರಲ್ಲಿ ಶಾಲಾ ಮಟ್ಟದಿಂದ ಮಕ್ಕಳನ್ನು ಬೆಳೆಸುವ ರಾಷ್ಟ್ರೀಯ ಯೋಜನೆ ಶುರು ಮಾಡಿತು. ಅದರ ಫಲ ಪೂರ್ತಿ ಬರಲು ಇನ್ನೂ ವರ್ಷಗಳು ಬೇಕು.

ಇಲ್ಲಿ ಒಂದು ಅಂಶ ಗಮನಿಸಬೇಕು. ಸಣ್ಣ ದೇಶಕ್ಕೆ ಸಣ್ಣದಾಗಿರುವುದೇ ಲಾಭ. ಸಿಂಗಪುರದ ಯಾವ ಮೂಲೆಯ ಹುಡುಗನಾದರೂ ರೈಲು ಹತ್ತಿದರೆ ಒಂದೆರಡು ತಾಸಿನೊಳಗೆ ಯಾವುದೇ ಕ್ಲಬ್ ಮುಟ್ಟುತ್ತಾನೆ. ಆಟದ ಏಣಿಯ ಮೊದಲ ಮೆಟ್ಟಿಲು ಮನೆ ಹತ್ತಿರವೇ ಇರುತ್ತದೆ. ರಾಮದುರ್ಗದ ಹುಡುಗನಿಗೆ ಆ ಮೆಟ್ಟಿಲು ಎಲ್ಲಿದೆ? ರಾಜ್ಯದ ಪ್ರಮುಖ ಲೀಗ್ ಅಂದರೆ ಬೆಂಗಳೂರು ಸೂಪರ್ ಡಿವಿಷನ್. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಮುಟ್ಟುವ ಊರು ಅದು. ಹೆಸರಲ್ಲೇ ಬೆಂಗಳೂರು.

ಈ ದೂರ ರಾಜ್ಯದ ದಾಖಲೆಯಲ್ಲೂ ಕಾಣುತ್ತದೆ. ಮೈಸೂರು ರಾಜ್ಯ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆಗ ಬೆಂಗಳೂರು ದೇಶಕ್ಕೆ ಅಹ್ಮದ್ ಖಾನ್, ಕೆಂಪಯ್ಯ ಅವರಂಥ ಒಲಿಂಪಿಯನ್‌ಗಳನ್ನು ಕೊಟ್ಟಿತ್ತು. ಮುಂದಿನ ಟ್ರೋಫಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಆ ಗೆಲುವು ದೊಡ್ಡದೇ. ಆದರೆ ಅದು ಮುಖ್ಯವಾಗಿ ಬೆಂಗಳೂರಿನ ಕ್ಲಬ್‌ಗಳು ಕಟ್ಟಿದ ತಂಡದ ಗೆಲುವು. ಕರ್ನಾಟಕ ಅನ್ನುವ ಹೆಸರು ಜೆರ್ಸಿ ಮೇಲಿತ್ತು, ಆಟದ ಏಣಿ ಮಾತ್ರ ಒಂದೇ ಊರಲ್ಲಿತ್ತು.

ನಮ್ಮ ಕಡೆಯವರಿಗೆ ಆಟ ಬೆಳೆಸಲು ಬರುವುದಿಲ್ಲವಾ?

"ನಮ್ಮ ಮಂದಿಗೆ ಆಟದ ಸಂಸ್ಕೃತಿ ಇಲ್ಲ" ಅನ್ನುವ ಮಾತು ಆಗಾಗ ಕೇಳುತ್ತೇವೆ. ಬೇರೆ ಕಡೆಯ ಬಗ್ಗೆ ಗೊತ್ತಿಲ್ಲ, ಈ ನಾಲ್ಕು ತಾಲ್ಲೂಕಿನ ಮಟ್ಟಿಗೆ ಇದು ಶುದ್ಧ ಸುಳ್ಳು. ಕುಸ್ತಿ ನೋಡಿ.

ಊರ ಗರಡಿಯಲ್ಲಿ ಎಂಟು ವರ್ಷದ ಹುಡುಗ ಸಾಮು ಶುರು ಮಾಡುತ್ತಾನೆ. ಊರ ಜಾತ್ರೆಯಲ್ಲಿ ಕುಸ್ತಿ ಇರುತ್ತದೆ. ಮೊದಲು ಸಣ್ಣ ಹುಡುಗರ ಜೋಡಿ, ಗೆದ್ದವನಿಗೆ ಒಂದು ತೆಂಗಿನಕಾಯಿ, ಇಲ್ಲಾ ಹತ್ತು-ಇಪ್ಪತ್ತು ರೂಪಾಯಿ. ಹಲಗಿ ಬಾರಿಸುತ್ತಾರೆ, ಊರೇ ಸುತ್ತ ಕೂತಿರುತ್ತದೆ. ಸಂಜೆ ಇಳಿದಂತೆ ದೊಡ್ಡ ಪೈಲ್ವಾನರ ನಿಕಾಲಿ ಕುಸ್ತಿ. ಮುಂದಿನ ವಾರ ಪಕ್ಕದ ಊರ ಜಾತ್ರೆ, ಅದರ ಮುಂದಿನ ವಾರ ಇನ್ನೊಂದು ಊರು. ಗೆಲ್ಲುತ್ತಾ ಹೋದವನು ಕಿತ್ತೂರು ಉತ್ಸವದ ಕಣಕ್ಕೆ ಬರುತ್ತಾನೆ, ಮೈಸೂರು ದಸರಾಕ್ಕೆ ಹೋಗುತ್ತಾನೆ, ಕೊಲ್ಹಾಪುರದ ತಾಲೀಮು ಸೇರುತ್ತಾನೆ. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ, 1952ರ ಹೆಲ್ಸಿಂಕಿಯ ಕಂಚು, ತಂದ ಕೆ.ಡಿ. ಜಾಧವ್ ಹೀಗೆ ಊರ ಮಣ್ಣಿನ ಕುಸ್ತಿಯಿಂದಲೇ ಬಂದವರು. ಅವರ ಊರು ಕರಾಡ ಹತ್ತಿರದ ಗೋಳೇಶ್ವರ, ನಮಗೆ ದೂರದ್ದೇನಲ್ಲ.

ಇಲ್ಲಿ ಯಾವ ಫೆಡರೇಷನ್ನೂ ಏಣಿ ಕಟ್ಟಲಿಲ್ಲ. ಜಾತ್ರೆ ಕಟ್ಟಿತು. ಹುಡುಗನಿಗೆ ಬೇಕಾದ ಮೂರೂ ಸಿಕ್ಕವು: ಮನೆ ಹತ್ತಿರ ಕಲಿಸುವವರು, ಮೇಲಿಂದ ಮೇಲೆ ಪಂದ್ಯ, ಸೋತರೂ ಮುಂದಿನ ವಾರ ಮತ್ತೊಂದು ಅವಕಾಶ. ರಾಮದುರ್ಗ ತಾಲ್ಲೂಕಿನ ಚಂದರಗಿಯಲ್ಲಿ ವಸತಿ ಕ್ರೀಡಾ ಶಾಲೆಯೇ ಇದೆ. ಹಳ್ಳಿ ಮಕ್ಕಳನ್ನು ಸೇರಿಸಿಕೊಂಡು ಶಿಸ್ತಾಗಿ ತಯಾರು ಮಾಡಿದರೆ ಏನಾಗುತ್ತದೆ ಅನ್ನುವುದು ಈ ಭಾಗಕ್ಕೆ ಹೊಸ ವಿಷಯ ಅಲ್ಲ.

ಈಗ ಫುಟ್‌ಬಾಲ್ ನೋಡಿ. ನಾನು ಓದಿದ ಶಾಲೆಯಲ್ಲಿ ಒಂದೇ ಬಾಲ್ ಇತ್ತು, ಅದೂ ಪಿ.ಟಿ. ಸರ್ ಅವರ ಕಪಾಟಿನಲ್ಲಿ. ಆಗಸ್ಟ್‌ನಲ್ಲಿ ಕ್ರೀಡಾಕೂಟ ಬಂತೆಂದರೆ ವಾರ ಮೊದಲು ಹೊರಗೆ ಬರುತ್ತಿತ್ತು. ಎರಿ ನೆಲದ ಮೈದಾನ ಮಳೆಗೆ ಕೆಸರು, ಬೇಸಿಗೆಗೆ ಬಿರುಕು. ಹೋದೆವು, ಒಂದು ಮ್ಯಾಚ್ ಆಡಿದೆವು, ಸೋತೆವು, ಬಂದೆವು. ನನ್ನ ಹೈಸ್ಕೂಲ್ ಫುಟ್‌ಬಾಲ್ ಜೀವನ ಅಷ್ಟೇ: ಮೂರು ವರ್ಷ, ನಾಲ್ಕು ಮ್ಯಾಚ್. ಅಣ್ಣನ ಮಗನ ಕಥೆಯೂ ಹೆಚ್ಚುಕಡಿಮೆ ಹಾಗೇ ಇದೆ, ಬಾಲ್ ಮಾತ್ರ ಎರಡಾಗಿವೆ.

ನಾಕೌಟ್‌ನ ಗಣಿತ

ಸಮಸ್ಯೆ ಎಲ್ಲಿದೆ ಅಂತ ತಿಳಿಯಲು ದೊಡ್ಡ ಅಧ್ಯಯನ ಬೇಡ. ಪೆನ್ನು-ಹಾಳೆ ಸಾಕು.

ನಮ್ಮ ಶಾಲಾ ಕ್ರೀಡಾಕೂಟಗಳು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೇಲೇರುತ್ತವೆ. ಗುಂಪು ಆಟಗಳು ಸಾಮಾನ್ಯವಾಗಿ ನಾಕೌಟ್. 16 ತಂಡ ಬಂದವು ಅಂತಿಟ್ಟುಕೊಳ್ಳಿ. ನಾಕೌಟ್ ಆದರೆ ಒಟ್ಟು 15 ಮ್ಯಾಚ್. 8 ತಂಡಗಳು ಒಂದೇ ಮ್ಯಾಚ್ ಆಡಿ ಮನೆಗೆ ಹೋಗುತ್ತವೆ. ಚಾಂಪಿಯನ್ ಆದವರಿಗೂ ಸಿಗುವುದು 4 ಮ್ಯಾಚ್. ಎರಡು ದಿನದಲ್ಲಿ ಮುಗಿಯುತ್ತದೆ, ಬಿಲ್ ಪಾಸ್ ಆಗುತ್ತದೆ, ಫೋಟೋ ಬರುತ್ತದೆ. ಗೆದ್ದವರು ಯಾರು ಅಂತ ಗೊತ್ತಾಗುತ್ತದೆ, ಆಟ ಯಾರಿಗೂ ಬರುವುದಿಲ್ಲ.

ಅದೇ 16 ತಂಡಗಳನ್ನು ಹೀಗೆ ಹಂಚಿ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ತಾಲ್ಲೂಕಿಗೆ ನಾಲ್ಕು ತಂಡ. ತಾಲ್ಲೂಕಿನೊಳಗೆ ಪ್ರತಿ ತಂಡವೂ ಉಳಿದ ಮೂರರ ಜೊತೆ ಎರಡೆರಡು ಸಲ ಆಡಲಿ. ಪ್ರತಿಯೊಬ್ಬರಿಗೂ 6 ಮ್ಯಾಚ್ ಖಾತ್ರಿ. ಪ್ರತಿ ತಾಲ್ಲೂಕಿನ ಮೊದಲ ಎರಡು ತಂಡ ಸೇರಿ ಎಂಟು ತಂಡಗಳ ಲೀಗ್ ಆಗಲಿ, ಅಲ್ಲಿ ಇನ್ನೂ 7 ಮ್ಯಾಚ್. ಶನಿವಾರಕ್ಕೊಂದು ಆಡಿದರೆ 13 ವಾರ. ಚೆನ್ನಾಗಿ ಆಡುವ ಹುಡುಗನಿಗೆ ಒಂದು ವರ್ಷದಲ್ಲಿ 13 ಮ್ಯಾಚ್. ಇವತ್ತು ಸಿಗುವುದರ ಮೂರು ಪಟ್ಟು. ತೀರಾ ಸೋತವನಿಗೂ ಆರು. ಸೋತ ಹುಡುಗ ಮುಂದಿನ ವಾರ ತನ್ನ ತಪ್ಪು ತಿದ್ದಿಕೊಂಡು ಬರುತ್ತಾನೆ. ಜಾತ್ರೆ ಕುಸ್ತಿ ಮಾಡಿದ್ದು ಇದನ್ನೇ.

ಇದಕ್ಕೆ ಏನು ಬೇಕು? ಸ್ಟೇಡಿಯಂ ಬೇಡ. ತಾಲ್ಲೂಕಿಗೊಂದು ಸಮತಟ್ಟಾದ ಮೈದಾನ, ಅದನ್ನು ಸಭೆ-ಸಮಾರಂಭ, ಹೆಲಿಪ್ಯಾಡ್‌ಗೆ ಬಿಟ್ಟುಕೊಡದೆ ಶನಿವಾರ ಮಕ್ಕಳಿಗೆ ಇಡುವ ಲಿಖಿತ ಆದೇಶ. ತಂಡಕ್ಕೆ ನಾಲ್ಕು ಬಾಲ್. ಬಸ್ ಖರ್ಚು, ಊಟ. ರೆಫರಿ ತರಬೇತಿ ಪಡೆದ ಹತ್ತು-ಹನ್ನೆರಡು ಜನ. ಕೊನೆಯದಾಗಿ ದೈಹಿಕ ಶಿಕ್ಷಣ ಶಿಕ್ಷಕರು. ಇವರು ವೈದ್ಯನಾಥನ್ ವರದಿ ಜಾರಿ ಮಾಡಿ ಅಂತ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಸರ್ಕಾರಗಳು ಬದಲಾದವು, ಮನವಿ ಪತ್ರ ಬದಲಾಗಲಿಲ್ಲ. ಎಷ್ಟೋ ಶಾಲೆಗಳಲ್ಲಿ ಆ ಹುದ್ದೆಯೇ ಇಲ್ಲ. ಇದ್ದಲ್ಲಿ ಅವರಿಗೆ ಆಟ ಬಿಟ್ಟು ಬೇರೆ ಕೆಲಸವೇ ಹೆಚ್ಚು. ಐಸ್‌ಲ್ಯಾಂಡ್ ಏಳು ವರ್ಷದ ಮಕ್ಕಳಿಗೆ ಕೋಚ್ ಕೊಟ್ಟಿತು ಅಂತ ಬೆರಗಾಗುವ ನಾವು ನಮ್ಮ ಪಿ.ಟಿ. ಸರ್ ಅವರನ್ನು 'ಉಳಿದ ಶಿಕ್ಷಕರ ಸಮಾನರಾ' ಅನ್ನುವ ಫೈಲಿನಲ್ಲೇ ಇಟ್ಟಿದ್ದೇವೆ.

"ಎಲ್ಲರೂ ಫುಟ್‌ಬಾಲ್ ಯಾಕೆ ಆಡಬೇಕು?"

ನ್ಯಾಯವಾದ ಪ್ರಶ್ನೆ. ಬರ, ಮಲಪ್ರಭೆಯ ನೆರೆ, ಕಬ್ಬಿನ ಬಾಕಿ, ಕೆಲಸ ಹುಡುಕಿ ಊರು ಬಿಡುವ ಹುಡುಗರು — ಇಷ್ಟೆಲ್ಲ ಇರುವಾಗ ಏಷ್ಯನ್ ಕಪ್ ಚಿಂತೆ ಯಾಕೆ ಅಂತ ಸ್ನೇಹಿತರೇ ಕೇಳುತ್ತಾರೆ. ಕಬಡ್ಡಿ, ಖೋಖೋ, ಕುಸ್ತಿ ಇರುವಾಗ ಇದು ಬೇರೆ ಯಾಕೆ ಅಂತಲೂ.

ನನ್ನ ಉತ್ತರ ಇಷ್ಟು. ಆಟದ ಮೇಲೆ ಸರ್ಕಾರದ ದುಡ್ಡು ಹೇಗೂ ಖರ್ಚಾಗುತ್ತದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದ್‌ಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್ ಬೇಕು ಅಂತ ದೇಶ ಕೇಳುತ್ತಿದೆ. ಸಾವಿರಾರು ಕೋಟಿ ಹೋಗುವುದು ಖಚಿತ. ಅದು ಎಲ್ಲಿಗೆ ಹೋಗಬೇಕು ಅನ್ನುವುದು ರಾಜಕೀಯ ಪ್ರಶ್ನೆ. ರಸ್ತೆ, ನೀರು, ಆಸ್ಪತ್ರೆ ವಿಚಾರದಲ್ಲಿ "ಎಲ್ಲ ಬೆಂಗಳೂರಿಗೆ, ನಮಗೇನು?" ಅಂತ ಉತ್ತರ ಕರ್ನಾಟಕ ಕೇಳುತ್ತದಲ್ಲ, ಮೈದಾನದ ವಿಚಾರದಲ್ಲೂ ಅದನ್ನೇ ಕೇಳಬೇಕು. ಕುಸ್ತಿ ಕೂಡ ಇವತ್ತು ಜಾತ್ರೆಯ ಮಣ್ಣಿನಿಂದ ಮ್ಯಾಟ್‌ಗೆ ಹೋಗಬೇಕಾಗಿದೆ, ಅಲ್ಲಿಯೂ ಸರ್ಕಾರದ ಕೈ ಬೇಕು. ಶನಿವಾರದ ಲೀಗ್ ಅನ್ನು ಕಬಡ್ಡಿಗೂ ಖೋಖೋಗೂ ಹೀಗೇ ಮಾಡಬಹುದು. ಗಣಿತ ಒಂದೇ.

ಹುಡುಗಿಯರ ವಿಚಾರದಲ್ಲಿ ಈ ಮಾತು ಇನ್ನೂ ನಿಜ. ಪುರುಷರ ತಂಡ ಮುಗ್ಗರಿಸಿದ ಅದೇ 2025ರಲ್ಲಿ, ಜುಲೈ 5ರಂದು, ಮಹಿಳಾ ತಂಡ ಥಾಯ್ಲೆಂಡ್ ನೆಲದಲ್ಲೇ ಥಾಯ್ಲೆಂಡನ್ನು 2-1ರಿಂದ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಅರ್ಹತಾ ಸುತ್ತು ಗೆದ್ದು ಅವರು ಅಲ್ಲಿಗೆ ಹೋದದ್ದು ಅದೇ ಮೊದಲು. ಎರಡೂ ಗೋಲು ಪಶ್ಚಿಮ ಬಂಗಾಳದ ಸಂಗೀತಾ ಬಾಸ್ಫೋರ್ ಅವರದು. ಕಡಿಮೆ ದುಡ್ಡು, ಕಡಿಮೆ ಟಿವಿ, ಕಡಿಮೆ ಮಾತು, ಆದರೂ ಹೋದರು. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ಸೈನಿಕ ಶಾಲೆ ಇದೆ. ಮೇಲೆ ಹೇಳಿದ 16 ತಂಡಗಳ ಲೀಗ್ ಹುಡುಗಿಯರಿಗೂ ನಡೆದರೆ ಅದು ಈ ಜಿಲ್ಲೆಯಲ್ಲಿ ದೊಡ್ಡ ಸುದ್ದಿಯೇ.

ಒಂದು ಗೆಲುವು, ಒಂದು ದಾಖಲೆ

ಮಡಗಾಂವ್ ಸೋಲು ಆಗಿ ಒಂಬತ್ತು ದಿನಕ್ಕೆ ಕಿತ್ತೂರು ಉತ್ಸವ ಶುರುವಾಗುವ ದಿನ, ಅಕ್ಟೋಬರ್ 23. 1824ರ ಆ ದಿನ ಪುಟ್ಟ ಕಿತ್ತೂರು ಕಂಪನಿ ಸೈನ್ಯವನ್ನು ಸೋಲಿಸಿತು, ಥ್ಯಾಕರೆ ಸತ್ತ. ನಾವು ಪ್ರತಿವರ್ಷ ಅದನ್ನು ನೆನೆಯುತ್ತೇವೆ. ಡಿಸೆಂಬರ್‌ನಲ್ಲಿ ಏನಾಯಿತು ಅನ್ನುವುದನ್ನು ಅಷ್ಟು ಜೋರಾಗಿ ಹೇಳುವುದಿಲ್ಲ. ಕಂಪನಿ ಇನ್ನೂ ದೊಡ್ಡ ಸೈನ್ಯದೊಂದಿಗೆ ಬಂತು, ಕೋಟೆ ಬಿತ್ತು, ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಸಣ್ಣವರು ಧೈರ್ಯದಿಂದ ಒಂದು ಸಲ ಗೆಲ್ಲಬಹುದು. ಮತ್ತೆ ಮತ್ತೆ ಗೆಲ್ಲಲು ಹಿಂದೆ ಒಂದು ವ್ಯವಸ್ಥೆ ಬೇಕು.

ಯುದ್ಧದ ಮಾತು ಆಟಕ್ಕೆ ಪೂರ್ತಿ ಹೊಂದುವುದಿಲ್ಲ, ಗೊತ್ತು. ಆದರೆ ಭಾರತದ ಫುಟ್‌ಬಾಲ್ ಚರಿತ್ರೆಯೂ ಹೀಗೇ ಒಂಟಿ ಗೆಲುವುಗಳ ನೆನಪಿನಲ್ಲಿ ಬದುಕುತ್ತಿದೆ: 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ, 1956ರ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ, 1964ರ ರನ್ನರ್ ಅಪ್. ಅದರಾಚೆ ಇರುವುದು 12 ಸೋಲು, 33 ಗೋಲು.

ಈ ವರ್ಷ ಪಂಚಾಯಿತಿ, ಪುರಸಭೆ, ಶಾಸಕರ ಮುಂದೆ ಯಾವುದಾದರೂ ಮನವಿ ಪತ್ರ ಹಿಡಿದು ನಿಂತಾಗ ಅದರಲ್ಲಿ ಈ ಒಂದು ಸಾಲನ್ನೂ ಸೇರಿಸಿ: ನಮ್ಮ ತಾಲ್ಲೂಕಿನ ಪ್ರತಿ ಹುಡುಗ-ಹುಡುಗಿಗೆ ವರ್ಷಕ್ಕೆ ಕನಿಷ್ಠ ಆರು ಮ್ಯಾಚ್. ಸ್ಟೇಡಿಯಂ ಕೇಳಬೇಡಿ, ಕಟ್ಟುತ್ತಾರೆ, ಬೀಗ ಹಾಕುತ್ತಾರೆ. ಮ್ಯಾಚ್ ಕೇಳಿ.

ಆ ರಾತ್ರಿ ಮೊಬೈಲ್ ಆಫ್ ಮಾಡುತ್ತಾ ಹುಡುಗ ಇನ್ನೊಂದು ಕೇಳಿದ: "ಕಾಕಾ, ಇನ್ನ ನಮ್ಮ ಮ್ಯಾಚ್ ಯಾವಾಗ?" ಭಾರತದ್ದು ಕೇಳುತ್ತಿದ್ದಾನೆ ಅಂದುಕೊಂಡು "ನವೆಂಬರ್‌ದಾಗ, ಢಾಕಾದಾಗ" ಅಂದೆ.

"ಅದಲ್ಲ ಕಾಕಾ. ನಮ್ಮ ಸಾಲಿದು."

ಅದು ಮುಂದಿನ ಆಗಸ್ಟ್‌ನಲ್ಲಿ. ಒಂದು ಮ್ಯಾಚ್. ಗೆದ್ದರೆ ಎರಡು.